ಚುಕ್ಕಿಗಳ ನಡುವಿನ ದೂರ: ಎಷ್ಟು ಕಡಿಮೆ ಅಳತೆಗಳಲ್ಲಿ ಮುಗಿಸಬಹುದು?

ಒಂದು ಹಾಳೆಯ ಮೇಲೆ ಮೂರು ಚುಕ್ಕಿಗಳನ್ನು, ಯಾವ ಎರಡನ್ನು ಆಯ್ದುಕೊಂಡರೂ ನಡುವಿನ ದೂರ ಒಂದೇ ಆಗಿರುವಂತೆ ಇಡುವುದು ಸುಲಭ. ಸಮಬಾಹು ತ್ರಿಭುಜದ ಮೂರು ಮೂಲೆಗಳು ಸಾಕು. ಆದರೆ ಅದೇ ನಿಯಮಕ್ಕೆ ಒಪ್ಪುವ ನಾಲ್ಕನೆಯ ಚುಕ್ಕಿಗೆ ಹಾಳೆಯಲ್ಲಿ ಜಾಗವಿಲ್ಲ. ಅದನ್ನು ಹಾಳೆಯಿಂದ ಮೇಲಕ್ಕೆತ್ತಿ, ತ್ರಿಭುಜದ ಮೇಲೆ ಗೋಪುರದ ತುದಿಯಂತೆ ನಿಲ್ಲಿಸಬೇಕಾಗುತ್ತದೆ. ಹಾಳೆಯಲ್ಲೇ ಉಳಿಯುವುದಾದರೆ ಎರಡು ಬಗೆಯ ದೂರಗಳಿಗೆ ಒಪ್ಪಿಕೊಳ್ಳಬೇಕು. ಚೌಕದಲ್ಲಿ ನಾಲ್ಕು ಬಾಹುಗಳದು ಒಂದು ಉದ್ದ, ಎರಡು ಕರ್ಣಗಳದು ಇನ್ನೊಂದು. ನಾಲ್ಕು ಚುಕ್ಕಿಗಳನ್ನು ಎರಡೇ ದೂರಗಳಲ್ಲಿ ಮುಗಿಸುವ ಇಂಥ ಜೋಡಣೆಗಳು ಒಟ್ಟು ಆರು ಇವೆ. ಓದುವುದನ್ನು ಹತ್ತು ನಿಮಿಷ ನಿಲ್ಲಿಸಿ ಉಳಿದ ಐದನ್ನು ಹುಡುಕಲು ಕುಳಿತರೆ ಈ ವಿಷಯದ ರುಚಿ ಹತ್ತುತ್ತದೆ. ಹೆಚ್ಚಿನವರಿಗೆ ನಾಲ್ಕು ಸಿಗುತ್ತವೆ, ಕೊನೆಯದು ಕಾಡಿಸುತ್ತದೆ.

ಐದು ಚುಕ್ಕಿಗಳಿಗೂ ಎರಡು ದೂರಗಳು ಸಾಕು, ಆದರೆ ಜೋಡಣೆ ಒಂದೇ: ಎಲ್ಲ ಬಾಹುಗಳೂ ಎಲ್ಲ ಕೋನಗಳೂ ಸಮನಾಗಿರುವ ನಿಯಮಿತ ಪಂಚಭುಜ. ಅದರ ಐದು ಬಾಹುಗಳು ಒಂದು ಅಳತೆಯವು, ಐದು ಕರ್ಣಗಳು ಇನ್ನೊಂದು ಅಳತೆಯವು. ಆರನೆಯ ಚುಕ್ಕಿ ಬಂದ ಕೂಡಲೇ ಮೂರನೆಯ ದೂರ ಅನಿವಾರ್ಯ. ಹೀಗೆ ಚುಕ್ಕಿಗಳು ನೂರಾದರೆ, ಲಕ್ಷವಾದರೆ, ಕೋಟಿಯಾದರೆ, ಕನಿಷ್ಠ ಎಷ್ಟು ಬಗೆಯ ದೂರಗಳು ಬೇಕು? 1946ರಲ್ಲಿ ಹಂಗೇರಿಯ ಗಣಿತಜ್ಞ ಪಾಲ್ ಎರ್ಡೋಶ್ ಈ ಪ್ರಶ್ನೆಯನ್ನು ಮುಂದಿಟ್ಟರು, ಬಳಿಕ ಬಿಡಿಸಿದವರಿಗೆ 500 ಡಾಲರ್ ಬಹುಮಾನವನ್ನೂ ಸಾರಿದರು. ಹೈಸ್ಕೂಲು ವಿದ್ಯಾರ್ಥಿಗೂ ಅರ್ಥವಾಗುವ ಈ ಪ್ರಶ್ನೆಗೆ ಸರಿಸುಮಾರು ತೃಪ್ತಿಕರವಾದ ಉತ್ತರ ಸಿಗಲು 64 ವರ್ಷಗಳು ಬೇಕಾದವು.

ನಾವು ಎಣಿಸುತ್ತಿರುವುದು ಏನನ್ನು?

ಈ ಬಗೆಯ ಪ್ರಶ್ನೆಗಳ ಕ್ಷೇತ್ರಕ್ಕೆ ಕಾಂಬಿನೇಟೋರಿಯಲ್ ಜ್ಯಾಮಿತಿ ಎಂದು ಹೆಸರು. ಶಾಲೆಯ ರೇಖಾಗಣಿತ ಒಂದು ಆಕೃತಿಯನ್ನು ಕೊಟ್ಟು ಅದರ ಉದ್ದ, ಕೋನ, ವಿಸ್ತೀರ್ಣಗಳನ್ನು ಕೇಳುತ್ತದೆ. ಇಲ್ಲಿ ಆಕೃತಿಯನ್ನು ಯಾರೂ ಕೊಡುವುದಿಲ್ಲ. ಬಿಂದುಗಳನ್ನು ಹೇಗೆ ಬೇಕಾದರೂ ಇಡಬಹುದು. ಹಾಗೆ ಇಡುವಾಗ ಒಂದು ಎಣಿಕೆ ಎಷ್ಟು ದೊಡ್ಡದಾಗಬಹುದು ಅಥವಾ ಎಷ್ಟು ಚಿಕ್ಕದಾಗಬಹುದು ಎಂಬುದೇ ಪ್ರಶ್ನೆ. ಆಕೃತಿ ಉತ್ತರದ ಭಾಗವಾಗಿ ಹೊರಬರುತ್ತದೆ.

ಬಿಂದುಗಳ ಸಂಖ್ಯೆಯನ್ನು ಎನ್ ಎಂದು ಕರೆಯೋಣ. ನೂರು ಬಿಂದುಗಳಿದ್ದರೆ ಅವುಗಳಿಂದ 100 × 99 ÷ 2, ಅಂದರೆ 4,950 ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ಒಂದು ದೂರವಿದೆ. ಕಣ್ಣು ಮುಚ್ಚಿ ಕಾಳು ಚೆಲ್ಲಿದಂತೆ ಬಿಂದುಗಳನ್ನು ಹರಡಿದರೆ ಈ 4,950 ದೂರಗಳೂ ಬೇರೆಬೇರೆಯಾಗಿರುತ್ತವೆ, ಆದ್ದರಿಂದ ಗರಿಷ್ಠ ಎಷ್ಟು ಎಂಬ ಪ್ರಶ್ನೆಯಲ್ಲಿ ಸ್ವಾರಸ್ಯವಿಲ್ಲ. ಕಷ್ಟವಿರುವುದು ಒಂದೇ ದೂರ ಮತ್ತೆ ಮತ್ತೆ ಬರುವಂತೆ ಮಾಡುವುದರಲ್ಲಿ. ಇಲ್ಲಿ ಎರಡು ಪ್ರಶ್ನೆಗಳು ಅಕ್ಕಪಕ್ಕ ನಿಲ್ಲುತ್ತವೆ. ಒಟ್ಟು ಬೇರೆಬೇರೆ ದೂರಗಳು ಎಷ್ಟು ಕಡಿಮೆಯಾಗಬಹುದು ಎಂಬುದು ಮೊದಲನೆಯದು. ಒಂದೇ ಒಂದು ದೂರವನ್ನು, ಉದಾಹರಣೆಗೆ ಒಂದು ಸೆಂಟಿಮೀಟರನ್ನು, ಎಷ್ಟು ಜೋಡಿಗಳಲ್ಲಿ ತರಬಹುದು ಎಂಬುದು ಎರಡನೆಯದು. ಎರಡನ್ನೂ ಎರ್ಡೋಶ್ ಅದೇ 1946ರ ಕಿರುಲೇಖನದಲ್ಲಿ ಕೇಳಿದ್ದರು.

ಸಾಲು, ವೃತ್ತ, ಚೌಕಳಿ

ಮೊದಲ ಪ್ರಶ್ನೆಗೆ ಕೈಗೆ ಸಿಗುವ ಪ್ರಯತ್ನಗಳನ್ನು ನೋಡೋಣ. ನೂರು ಬಿಂದುಗಳನ್ನು ಒಂದೇ ಗೆರೆಯ ಮೇಲೆ ಸಮಾನ ಅಂತರದಲ್ಲಿ, ಮೈಲಿಗಲ್ಲುಗಳಂತೆ ಇಟ್ಟರೆ ದೂರಗಳು 1, 2, 3 ಎಂದು 99ರವರೆಗೆ ಹೋಗುತ್ತವೆ. 4,950 ಜೋಡಿಗಳಿಗೆ 99 ದೂರಗಳೆಂದರೆ ಆಗಲೇ ದೊಡ್ಡ ಉಳಿತಾಯ. ಅವನ್ನೇ ಒಂದು ವೃತ್ತದ ಮೇಲೆ ಸಮಾನ ಅಂತರದಲ್ಲಿ ಕೂರಿಸಿದರೆ ಅರ್ಧ ಸುತ್ತು ಕಳೆದ ಮೇಲೆ ದೂರಗಳು ಮರುಕಳಿಸುವುದರಿಂದ 50 ದೂರಗಳು ಸಾಕು.

ಮೂರನೆಯ ಜೋಡಣೆಯನ್ನು ರಂಗೋಲಿ ಹಾಕುವವರು ದಿನವೂ ಇಡುತ್ತಾರೆ: ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕಿ, ಒಂದರ ಕೆಳಗೆ ಒಂದು. ಗಣಿತದಲ್ಲಿ ಇದು ಚೌಕಳಿ. ಇಲ್ಲಿ ಎರಡು ಚುಕ್ಕಿಗಳ ನಡುವೆ ಅಡ್ಡಕ್ಕೆ ಎಷ್ಟು ಹೆಜ್ಜೆ, ಉದ್ದಕ್ಕೆ ಎಷ್ಟು ಹೆಜ್ಜೆ ಎಂದು ತಿಳಿದರೆ ಪೈಥಾಗೊರಸ್ ಪ್ರಮೇಯವೇ ದೂರವನ್ನು ಹೇಳುತ್ತದೆ: ಎರಡು ಹೆಜ್ಜೆಸಂಖ್ಯೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಹೆಜ್ಜೆಗಳು 0ಯಿಂದ 9ರವರೆಗೆ ಇರಬಹುದಾದ್ದರಿಂದ, ಅಡ್ಡ ಉದ್ದಗಳನ್ನು ಅದಲುಬದಲು ಮಾಡಿದ್ದನ್ನು ಒಂದೇ ಎಂದು ಎಣಿಸಿದರೆ, ಶೂನ್ಯ ದೂರವನ್ನು ಬಿಟ್ಟು 54 ಸಾಧ್ಯತೆಗಳಿವೆ. ಅವುಗಳಲ್ಲೂ ಕೆಲವು ಒಂದಕ್ಕೊಂದು ಸರಿಹೊಂದುತ್ತವೆ. ಅಡ್ಡಕ್ಕೆ 3, ಉದ್ದಕ್ಕೆ 4 ಹೋದರೂ ನೇರವಾಗಿ 5 ಹೋದರೂ ದೂರ 5. ಒಂದು ಮತ್ತು ಏಳರ ವರ್ಗಗಳ ಮೊತ್ತ 50. ಐದು ಮತ್ತು ಐದರದೂ 50. ಹಾಗೆಯೇ 65 ಮತ್ತು 85 ಎರಡೆರಡು ಬಗೆಯಲ್ಲಿ ಬರುತ್ತವೆ. ಈ ನಾಲ್ಕು ಕಾಕತಾಳೀಯಗಳನ್ನು ಕಳೆದರೆ 50 ದೂರಗಳು ಉಳಿಯುತ್ತವೆ.

ಅಂದರೆ ನೂರು ಬಿಂದುಗಳಲ್ಲಿ ಚೌಕಳಿಯೂ ವೃತ್ತವೂ ಸಮಸಮ. ಚೌಕಳಿಯ ಬಲ ಕಾಣಿಸಲು ಸ್ವಲ್ಪ ದೊಡ್ಡದಾಗಬೇಕು. ನಾನೂರು ಬಿಂದುಗಳನ್ನು ಇಪ್ಪತ್ತು ಸಾಲುಗಳಲ್ಲಿ ಇಟ್ಟು ಎಣಿಸಿದರೆ 179 ದೂರಗಳು ಬರುತ್ತವೆ, ವೃತ್ತದಲ್ಲಾದರೆ 200. ಬಿಂದುಗಳು ಹೆಚ್ಚಿದಷ್ಟೂ ಮೇಲಿನಂಥ ಕಾಕತಾಳೀಯಗಳು ದಟ್ಟವಾಗುತ್ತವೆ, ಚೌಕಳಿ ವೃತ್ತವನ್ನು ಇನ್ನಷ್ಟು ಹಿಂದೆ ಹಾಕುತ್ತದೆ. ಎಷ್ಟು ಹಿಂದೆ ಎಂಬುದನ್ನು ತಿಳಿಯಲು ರೇಖಾಗಣಿತವನ್ನು ಬಿಟ್ಟು ಸಂಖ್ಯೆಗಳ ಕಡೆಗೆ ತಿರುಗಬೇಕು.

ಎರಡು ವರ್ಗಗಳ ಮೊತ್ತ ಮತ್ತು ರಾಮಾನುಜನ್

ಚೌಕಳಿಯಲ್ಲಿ ಬರುವ ದೂರಗಳ ವರ್ಗಗಳೆಲ್ಲ ಎರಡು ಪೂರ್ಣವರ್ಗಗಳ ಮೊತ್ತಗಳು: 1, 2, 4, 5, 8, 9, 10, 13 ಹೀಗೆ. ನಡುವೆ 3, 6, 7, 11, 12 ಇಲ್ಲ. ಯಾವ ಸಂಖ್ಯೆ ಈ ಪಟ್ಟಿಗೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದಕ್ಕೆ ಹಳೆಯ ನಿಯಮವೊಂದಿದೆ. ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆದಾಗ, ನಾಲ್ಕರಿಂದ ಭಾಗಿಸಿದರೆ 3 ಶೇಷ ಕೊಡುವ ಅವಿಭಾಜ್ಯಗಳು (3, 7, 11, 19 ಮುಂತಾದವು) ಪ್ರತಿಯೊಂದೂ ಸರಿಸಂಖ್ಯೆಯಷ್ಟು ಬಾರಿ ಬಂದಿರಬೇಕು. ಸಂಖ್ಯೆ ದೊಡ್ಡದಾದಷ್ಟೂ ಇಂಥ ಯಾವುದಾದರೂ ಒಂದು ಅವಿಭಾಜ್ಯ ಬೆಸ ಬಾರಿ ನುಸುಳಿರುವ ಸಂಭವ ಹೆಚ್ಚು, ಆದ್ದರಿಂದ ಪಟ್ಟಿ ಮುಂದೆ ಹೋದಂತೆ ನಿಧಾನವಾಗಿ ವಿರಳವಾಗುತ್ತದೆ.

ಆ ವಿರಳತೆಯ ವೇಗವನ್ನು ಜರ್ಮನಿಯ ಎಡ್ಮಂಡ್ ಲಾಂಡೌ 1908ರಲ್ಲಿ ಸಾಧಿಸಿ ತೋರಿಸಿದರು. ಅದನ್ನು ತಿಳಿಯದೆಯೇ, ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿಗೆ ಬರೆದ ಮೊದಲ ಪತ್ರದಲ್ಲೇ ಅದನ್ನು ಸೇರಿಸಿದ್ದರು. ಒಂದು ದೊಡ್ಡ ಸಂಖ್ಯೆಯವರೆಗಿನ ಎರಡು ವರ್ಗಗಳ ಮೊತ್ತಗಳು ಎಷ್ಟಿವೆ ಎಂದು ತಿಳಿಯಲು, ಆ ಸಂಖ್ಯೆಯನ್ನು ಅದರ ಲಾಗರಿದಮ್‌ನ ವರ್ಗಮೂಲದಿಂದ ಭಾಗಿಸಿ 0.7642ರಿಂದ ಗುಣಿಸಿದರೆ ಸರಿಸುಮಾರು ಉತ್ತರ ಬರುತ್ತದೆ. ಈ 0.7642ಕ್ಕೆ ಲಾಂಡೌ–ರಾಮಾನುಜನ್ ಸ್ಥಿರಾಂಕ ಎಂದೇ ಹೆಸರು.

ಲಾಗರಿದಮ್ ಎಂದರೆ ಹೆದರಬೇಕಿಲ್ಲ. ಇಲ್ಲಿ ಅದು ಬಹಳ ಸೋಮಾರಿಯಾಗಿ ಬೆಳೆಯುವ ಒಂದು ಪ್ರಮಾಣ, ಅಷ್ಟೆ. ಹತ್ತು ಲಕ್ಷದ ಲಾಗ್ ಸುಮಾರು 13.8, ಅದರ ವರ್ಗಮೂಲ ಸುಮಾರು 3.7. ಹೀಗೆ ಚೌಕಳಿಯಿಂದ ಎರ್ಡೋಶ್‌ಗೆ ಸಿಕ್ಕ ಫಲ ಇದು: ಎನ್ ಬಿಂದುಗಳನ್ನು ಸರಿಸುಮಾರು, ಎನ್ ಭಾಗಿಸು ಲಾಗ್ ಎನ್‌ನ ವರ್ಗಮೂಲ, ಇಷ್ಟು ದೂರಗಳಲ್ಲಿ ಮುಗಿಸಬಹುದು. ಇದಕ್ಕಿಂತ ಹೆಚ್ಚು ಉಳಿತಾಯ ಸಾಧ್ಯವಿಲ್ಲ ಎಂದು ಅವರು ಊಹಿಸಿದರು.

ಏಳಕ್ಕಿಂತ ಕಡಿಮೆ ಏಕೆ ಆಗದು?

ಊಹೆಯನ್ನು ಸಾಧಿಸಬೇಕಾದರೆ ಎಲ್ಲ ಜೋಡಣೆಗಳ ಬಗ್ಗೆಯೂ ಒಟ್ಟಿಗೆ ಮಾತನಾಡಬೇಕು. ಯಾರೂ ಯೋಚಿಸಿರದ ವಿಚಿತ್ರ ಜೋಡಣೆಯೊಂದು ಚೌಕಳಿಯನ್ನು ಸೋಲಿಸಲಾರದು ಎಂದು ತೋರಿಸಬೇಕು. ಎರ್ಡೋಶ್ ಅದರ ಮೊದಲ ಹೆಜ್ಜೆಯನ್ನು ಕೆಲವೇ ಸಾಲುಗಳಲ್ಲಿ ಇಟ್ಟರು. ಕಾಗದ ಪೆನ್ನು ಹಿಡಿದು ಅನುಸರಿಸಲು ಯೋಗ್ಯವಾದ ವಾದವಿದು.

ನೂರು ಬಿಂದುಗಳು ಹೇಗಾದರೂ ಇರಲಿ. ಅವುಗಳಲ್ಲಿ ಯಾವುದಾದರೂ ಎರಡನ್ನು ಹಿಡಿದು ಕ ಮತ್ತು ಖ ಎಂದು ಹೆಸರಿಡಿ. ಒಟ್ಟು ಬೇರೆಬೇರೆ ದೂರಗಳು ಆರು ಮಾತ್ರ ಎಂದು ಒಂದು ಕ್ಷಣ ಭಾವಿಸಿ. ಹಾಗಿದ್ದರೆ ಉಳಿದ 98 ಬಿಂದುಗಳೂ ಕ ಬಿಂದುವಿನಿಂದ ಆ ಆರು ದೂರಗಳಲ್ಲಿ ಒಂದರಲ್ಲಿರಬೇಕು, ಅಂದರೆ ಕ ಕೇಂದ್ರವಾಗಿ ಎಳೆದ ಆರು ವೃತ್ತಗಳ ಮೇಲೆ ಇರಬೇಕು. ಅದೇ ಕಾರಣಕ್ಕೆ ಖ ಕೇಂದ್ರವಾಗಿ ಎಳೆದ ಆರು ವೃತ್ತಗಳ ಮೇಲೂ ಇರಬೇಕು. ಕೊಳದಲ್ಲಿ ಎರಡು ಕಡೆ ಕಲ್ಲು ಬಿದ್ದಾಗ ಎದ್ದ ಅಲೆಗಳ ಬಳೆಗಳು ಒಂದನ್ನೊಂದು ಕತ್ತರಿಸುವ ಚಿತ್ರವನ್ನು ನೆನೆಸಿಕೊಳ್ಳಿ: ನಮ್ಮ ಬಿಂದುಗಳೆಲ್ಲ ಆ ಕತ್ತರಿಸುವ ಜಾಗಗಳಲ್ಲೇ ಕೂರಬೇಕು. ಎರಡು ವೃತ್ತಗಳು ಹೆಚ್ಚೆಂದರೆ ಎರಡು ಕಡೆ ಕತ್ತರಿಸುತ್ತವೆ, ಆದ್ದರಿಂದ ಒಟ್ಟು ಜಾಗಗಳು 6 × 6 × 2, ಅಂದರೆ 72. ಅಲ್ಲಿ 98 ಬಿಂದುಗಳು ಹಿಡಿಸುವುದಿಲ್ಲ. ದೂರಗಳು ಏಳಾದರೆ ಜಾಗಗಳು ಸರಿಯಾಗಿ 98. ಆದ್ದರಿಂದ ನೂರು ಬಿಂದುಗಳಿಗೆ ಏಳು ದೂರಗಳಾದರೂ ಬೇಕೇ ಬೇಕು.

ಇದೇ ಲೆಕ್ಕವನ್ನು ಸಾಮಾನ್ಯವಾಗಿ ಹೇಳಿದರೆ, ಎನ್ ಬಿಂದುಗಳಿಗೆ ಕನಿಷ್ಠ ಎನ್‌ನ ವರ್ಗಮೂಲದ ಮಟ್ಟದಷ್ಟು ದೂರಗಳು ಬೇಕು. ಮೇಲಿನಿಂದ ಚೌಕಳಿ ಹೇಳುವುದು 50, ಕೆಳಗಿನಿಂದ ಈ ವಾದ ಹೇಳುವುದು 7. ಹತ್ತು ಲಕ್ಷ ಬಿಂದುಗಳಿಗೆ ಒಂದು ಕಡೆ ಲಕ್ಷಗಳು, ಇನ್ನೊಂದು ಕಡೆ ಸಾವಿರಕ್ಕೂ ಕಡಿಮೆ. ಮುಂದಿನ ಆರು ದಶಕಗಳ ಕತೆಯೆಲ್ಲ ಈ ಕಂದಕವನ್ನು ಕೆಳಗಿನಿಂದ ತುಂಬಿದ ಕತೆ.

ಒಂದೇ ದೂರ ಎಷ್ಟು ಬಾರಿ?

ಆ ಕತೆಗೆ ಮುಖ್ಯ ಉಪಕರಣವನ್ನು ಒದಗಿಸಿದ ವಿಚಾರ ಎರಡನೆಯ ಪ್ರಶ್ನೆಯಲ್ಲಿ ಚೆನ್ನಾಗಿ ಕಾಣಿಸುವುದರಿಂದ ಅದನ್ನು ಇಲ್ಲಿ ನೋಡಿಬಿಡೋಣ. ಏಳು ಬಿಂದುಗಳಲ್ಲಿ 21 ಜೋಡಿಗಳಿವೆ. ನಿಯಮಿತ ಷಡ್ಭುಜದ ಆರು ಮೂಲೆಗಳ ಜೊತೆಗೆ ನಡುವಿನ ಕೇಂದ್ರವನ್ನೂ ಇಟ್ಟರೆ 12 ಜೋಡಿಗಳ ದೂರ ಒಂದೇ ಆಗುತ್ತದೆ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ ಬರುವ ರಂಗೋಲಿಯನ್ನು ವಿಸ್ತರಿಸುತ್ತಾ ಹೋದರೆ ಪ್ರತಿ ಚುಕ್ಕಿಗೂ ಆರು ಸಮೀಪದ ನೆರೆಯವರು ಸಿಗುತ್ತಾರೆ. ಚೌಕಳಿಯಲ್ಲಿ ನೆರೆಯವರು ನಾಲ್ಕೇ. ಆದರೆ ಚೌಕಳಿಯಲ್ಲಿ ಸಮೀಪದ ದೂರವನ್ನೇ ಆರಿಸಬೇಕೆಂಬ ಕಟ್ಟುಪಾಡಿಲ್ಲವಲ್ಲ! ದೂರ 5 ಎಂದು ಆರಿಸಿದರೆ ದೊಡ್ಡ ಚೌಕಳಿಯ ನಡುವಿನ ಪ್ರತಿ ಬಿಂದುವಿಗೂ ಆ ದೂರದಲ್ಲಿ 12 ಬಿಂದುಗಳಿವೆ. ದೂರವನ್ನು 65ರ ವರ್ಗಮೂಲ ಎಂದಿಟ್ಟರೆ 16, 325ರ ವರ್ಗಮೂಲ ಎಂದಿಟ್ಟರೆ 24, 1105ರ ವರ್ಗಮೂಲ ಎಂದಿಟ್ಟರೆ 32. ಇವೆಲ್ಲ 5, 13, 17ರಂತೆ ನಾಲ್ಕರಿಂದ ಭಾಗಿಸಿದಾಗ 1 ಉಳಿಸುವ ಅವಿಭಾಜ್ಯಗಳ ಗುಣಲಬ್ಧಗಳು. ಹೀಗೆ ಆರಿಸಿದ ದೂರವನ್ನೇ ಹೊಸ ಅಳತೆಗೋಲಿನ ‘ಒಂದು’ ಎಂದು ಕರೆದರಾಯಿತು. ಈ ಉಪಾಯದಿಂದ ಎರ್ಡೋಶ್, ಏಕಮಾನ ದೂರದ ಜೋಡಿಗಳು ಎನ್‌ಗಿಂತ ತುಸುವೇ ವೇಗವಾಗಿ ಬೆಳೆಯುವಂತೆ ಮಾಡಿ ತೋರಿಸಿದರು.

ಮೇಲ್ಮಿತಿಯ ಕಡೆಯಿಂದ, 1984ರಲ್ಲಿ ಜೋಯಲ್ ಸ್ಪೆನ್ಸರ್, ಎಂಡ್ರೆ ಸೆಮೆರೆಡಿ ಮತ್ತು ವಿಲಿಯಂ ಟ್ರಾಟರ್ ಇಂಥ ಜೋಡಿಗಳು ಎನ್‌ನ 4/3ನೇ ಘಾತದ ಮಟ್ಟವನ್ನು ಮೀರಲಾರವೆಂದು ಸಾಧಿಸಿದರು. ಸಾವಿರ ಬಿಂದುಗಳಿಗೆ ಆ ಘಾತದ ಬೆಲೆ 10,000. ಒಟ್ಟು ಜೋಡಿಗಳಾದರೋ 4,99,500. ಅವರ ಸಾಧನೆ ಕಠಿಣವಾಗಿತ್ತು. 1997ರಲ್ಲಿ ಲಾಸ್ಲೊ ಸೇಕೇಯ್ ಕೊಟ್ಟ ಕಾರಣ ಅರ್ಧ ಪುಟದಷ್ಟು, ಮತ್ತು ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಸೊಗಸಾದ ವಾದ ಅದೇ.

ಬಿಂದುಗಳನ್ನು ಊರುಗಳೆಂದೂ ಅವುಗಳನ್ನು ಜೋಡಿಸುವ ಗೆರೆಗಳನ್ನು ರಸ್ತೆಗಳೆಂದೂ ಭಾವಿಸಿ. ರಸ್ತೆಗಳು ಎಲ್ಲೂ ಒಂದನ್ನೊಂದು ಅಡ್ಡಹಾಯಬಾರದೆಂದರೆ ಎನ್ ಊರುಗಳ ನಡುವೆ 3ಎನ್‌ಗಿಂತ ಕಡಿಮೆ ರಸ್ತೆಗಳನ್ನಷ್ಟೇ ಹಾಕಬಹುದು. ಅದಕ್ಕಿಂತ ಹೆಚ್ಚಿದಂತೆ ಅಡ್ಡಹಾಯುವಿಕೆ ತಪ್ಪದು, ಅದು ಬಹಳ ಬೇಗ ಏರುತ್ತದೆ: ಊರುಗಳು ಅಷ್ಟೇ ಇದ್ದು ರಸ್ತೆಗಳು ಹತ್ತು ಪಟ್ಟಾದರೆ ಅಡ್ಡಹಾಯುವಿಕೆಯ ಕನಿಷ್ಠ ಮಿತಿ ಸಾವಿರ ಪಟ್ಟಾಗುತ್ತದೆ. ಈಗ ಪ್ರತಿ ಬಿಂದುವಿನ ಸುತ್ತ ಏಕಮಾನ ತ್ರಿಜ್ಯದ ವೃತ್ತ ಎಳೆದು, ವೃತ್ತದ ಮೇಲೆ ಬಿದ್ದ ಬಿಂದುಗಳ ನಡುವಿನ ಕಂಸಗಳನ್ನೇ ರಸ್ತೆಗಳೆನ್ನಿ. ಏಕಮಾನ ದೂರದ ಜೋಡಿಗಳು ಹೆಚ್ಚಿದ್ದರೆ ಕಂಸಗಳೂ ಹೆಚ್ಚು, ಆದ್ದರಿಂದ ಅಡ್ಡಹಾಯುವಿಕೆಯೂ ಅಪಾರವಾಗಿರಬೇಕು. ಆದರೆ ಎನ್ ವೃತ್ತಗಳಲ್ಲಿ ಯಾವ ಎರಡೂ ಎರಡಕ್ಕಿಂತ ಹೆಚ್ಚು ಕಡೆ ಕತ್ತರಿಸುವುದಿಲ್ಲ, ಅಂದರೆ ಒಟ್ಟು ಅಡ್ಡಹಾಯುವಿಕೆ ಎನ್‌ನ ವರ್ಗವನ್ನು ಮೀರುವಂತಿಲ್ಲ. ಬೇಕಾದದ್ದು ಇರುವುದಕ್ಕಿಂತ ಹೆಚ್ಚಾಗದಂತೆ ಲೆಕ್ಕ ಹೊಂದಿಸಿದರೆ 4/3 ತಾನಾಗಿ ಹೊರಬೀಳುತ್ತದೆ.

ಇದೇ ಏಕಮಾನ ದೂರಕ್ಕೆ ಸಂಬಂಧಿಸಿದ ಮತ್ತೊಂದು ಪ್ರಶ್ನೆ 1950ರದು, ಎಡ್ವರ್ಡ್ ನೆಲ್ಸನ್ ಎಂಬ ವಿದ್ಯಾರ್ಥಿಯದು. ಇಡೀ ಸಮತಲದ ಪ್ರತಿ ಬಿಂದುವಿಗೂ ಬಣ್ಣ ಹಚ್ಚಬೇಕು. ಏಕಮಾನ ದೂರದಲ್ಲಿರುವ ಎರಡು ಬಿಂದುಗಳಿಗೆ ಒಂದೇ ಬಣ್ಣ ಬರಬಾರದು. ಏಳು ಬಣ್ಣಗಳು ಸಾಕು, ಮೂರು ಸಾಲದು ಎಂಬುದು ಬೇಗನೆ ತಿಳಿಯಿತು. 2018ರಲ್ಲಿ ಆಬ್ರೆ ಡಿ ಗ್ರೇ ಎಂಬ ಜೀವವಿಜ್ಞಾನಿ 1,581 ಬಿಂದುಗಳ ಜೋಡಣೆಯೊಂದರಿಂದ ನಾಲ್ಕೂ ಸಾಲದೆಂದು ತೋರಿಸಿದರು.

ಏಣಿಯ ಮೆಟ್ಟಿಲುಗಳು

ಮತ್ತೆ ಮೊದಲ ಪ್ರಶ್ನೆಗೆ ಬರೋಣ. ಎರ್ಡೋಶ್ ಕೊಟ್ಟ ಕೆಳಮಿತಿ ಎನ್‌ನ 1/2ನೇ ಘಾತ, ಅಂದರೆ ವರ್ಗಮೂಲ. ತಲುಪಬೇಕಾದದ್ದು ಬಹುಮಟ್ಟಿಗೆ 1ನೇ ಘಾತ. 1952ರಲ್ಲಿ ಲಿಯೊ ಮೋಸರ್ ಅದನ್ನು 2/3ಕ್ಕೆ ಏರಿಸಿದರು. ಮುಂದಿನ ಮೆಟ್ಟಿಲಿಗೆ 32 ವರ್ಷಗಳು ಹಿಡಿದವು: 1984ರಲ್ಲಿ ಫ್ಯಾನ್ ಚುಂಗ್ 5/7. ಬಳಿಕ ವೇಗ ಬಂತು. 1990ರ ದಶಕದ ಆರಂಭದಲ್ಲಿ 4/5, 2001ರಲ್ಲಿ ಜೋಸೆಫ್ ಸೋಲಿಮೊಶಿ ಮತ್ತು ಚಾಬಾ ತೋತ್ ಅವರಿಂದ 6/7, 2004ರಲ್ಲಿ ನೆಟ್ಸ್ ಕಾಟ್ಜ್ ಮತ್ತು ಗಾಬೊರ್ ತಾರ್ದೋಶ್ ಅವರಿಂದ ಸುಮಾರು 0.8641. ಬಿಂದುಗಳೂ ಗೆರೆಗಳೂ ಎಷ್ಟು ಬಾರಿ ಸಂಧಿಸಬಹುದು ಎಂಬುದನ್ನು ಮಿತಿಗೊಳಿಸುವ, 1983ರಲ್ಲಿ ಪ್ರಕಟವಾದ ಸೆಮೆರೆಡಿ–ಟ್ರಾಟರ್ ಪ್ರಮೇಯವೇ ಈ ಏರಿಕೆಯ ಹಿಂದಿದ್ದ ಮುಖ್ಯ ಶಕ್ತಿ. ಆದರೆ 4/5ರ ಬಳಿಕ ಪ್ರತಿ ಸುಧಾರಣೆ ಹಿಂದಿನದಕ್ಕಿಂತ ಸಣ್ಣದಾಗಿ, ಲೆಕ್ಕ ಹಿಂದಿನದಕ್ಕಿಂತ ಜಟಿಲವಾಗಿ, ದಾರಿ ಮುಂದೆ ಕಿರಿದಾಗುತ್ತಿರುವುದು ಕಾಣುತ್ತಿತ್ತು.

ಪ್ರಶ್ನೆಯನ್ನೇ ತಿರುಗಿಸಿದವರು

ಬೇರೆ ದಾರಿ ತೋರಿಸಿದವರು ಹಂಗೇರಿಯ ಗ್ಯೋರ್ಗಿ ಎಲೆಕೆಶ್. ಅವರು ಇಸ್ರೇಲಿನ ಮೀಖಾ ಶರೀರ್ ಅವರೊಂದಿಗೆ ತಮ್ಮ ಯೋಚನೆಯನ್ನು ಹಂಚಿಕೊಂಡಿದ್ದರು. 2008ರಲ್ಲಿ ಎಲೆಕೆಶ್ ತೀರಿಕೊಂಡ ಬಳಿಕ ಶರೀರ್ ಆ ಕೆಲಸವನ್ನು ಸಿದ್ಧಪಡಿಸಿ 2010ರಲ್ಲಿ ಇಬ್ಬರ ಹೆಸರಿನಲ್ಲೂ ಹೊರತಂದರು.

ಯೋಚನೆ ಹೀಗಿದೆ. ಬೇರೆಬೇರೆ ದೂರಗಳು ಕಡಿಮೆ ಇದ್ದರೆ ಒಂದೇ ದೂರದ ಜೋಡಿಗಳು ಹೆಚ್ಚಿರಲೇಬೇಕು. ನೂರು ಬಿಂದುಗಳ ಚೌಕಳಿಯಲ್ಲಿ 4,950 ಜೋಡಿಗಳು 50 ದೂರಗಳಲ್ಲಿ ಹಂಚಿಹೋಗಿವೆ, ಅಂದರೆ ಒಂದೊಂದು ದೂರದ ಪಾಲಿಗೆ ಸರಾಸರಿ 99 ಜೋಡಿಗಳು. ಈಗ ಬಿಂದುಗಳ ಚಿತ್ರವನ್ನು ಟ್ರೇಸಿಂಗ್ ಹಾಳೆಯೊಂದರ ಮೇಲೆ ಪ್ರತಿ ತೆಗೆದು ಮೂಲದ ಮೇಲೆ ಇಡಿ. ಸಮಾನ ದೂರದ ಎರಡು ಜೋಡಿಗಳು ಸಿಕ್ಕರೆ, ಹಾಳೆಯನ್ನು ಎಲ್ಲೋ ಒಂದು ಕಡೆ ಗುಂಡುಸೂಜಿ ಚುಚ್ಚಿ ತಿರುಗಿಸುವ ಮೂಲಕ ಮೊದಲ ಜೋಡಿಯನ್ನು ಎರಡನೆಯದರ ಮೇಲೆ ಸರಿಯಾಗಿ ಕೂರಿಸಬಹುದು. (ಕೆಲವೊಮ್ಮೆ ತಿರುಗಿಸದೆ ಬರೀ ಸರಿಸಿದರೆ ಸಾಕಾಗುತ್ತದೆ, ಆ ಪ್ರಕರಣವನ್ನು ಪ್ರತ್ಯೇಕವಾಗಿ ಎಣಿಸುವುದು ಕಷ್ಟವಲ್ಲ.) ಹಾಗಾಗಿ ದೂರಗಳು ಕಡಿಮೆ ಎಂಬ ಮಾತು, ಹಾಳೆಯನ್ನು ತಿರುಗಿಸಿದಾಗ ಹಲವು ಬಿಂದುಗಳು ಮೂಲದ ಬಿಂದುಗಳ ಮೇಲೆಯೇ ಬೀಳುವ ಸಂದರ್ಭಗಳು ಬಹಳ ಎಂಬ ಮಾತಾಗಿ ಬದಲಾಗುತ್ತದೆ.

ಒಂದು ತಿರುಗಿಸುವಿಕೆಯನ್ನು ಹೇಳಲು ಮೂರು ಸಂಖ್ಯೆಗಳು ಬೇಕು: ಸೂಜಿ ಚುಚ್ಚಿದ ಜಾಗಕ್ಕೆ ಎರಡು, ತಿರುಗಿಸಿದ ಕೋನಕ್ಕೆ ಒಂದು. ಮೂರು ಸಂಖ್ಯೆಗಳೆಂದರೆ ಮೂರು ಆಯಾಮದ ಆಕಾಶದಲ್ಲಿ ಒಂದು ಬಿಂದು. ಒಂದು ನಿರ್ದಿಷ್ಟ ಬಿಂದುವನ್ನು ಇನ್ನೊಂದು ನಿರ್ದಿಷ್ಟ ಬಿಂದುವಿನ ಮೇಲೆ ತರುವ ಎಲ್ಲ ತಿರುಗಿಸುವಿಕೆಗಳನ್ನು ಒಟ್ಟುಮಾಡಿದರೆ ಆ ಆಕಾಶದಲ್ಲಿ ಒಂದು ಗೆರೆ ಮೂಡುತ್ತದೆ. ಮೂರು ಸಂಖ್ಯೆಗಳನ್ನು ಜಾಣತನದಿಂದ ಆರಿಸಿಕೊಂಡರೆ ಅದು ನೇರ ಗೆರೆಯೇ ಆಗುತ್ತದೆ. ಹೀಗೆ ಎನ್ ಬಿಂದುಗಳಿಂದ ಎನ್‌ನ ವರ್ಗದಷ್ಟು ನೇರ ಗೆರೆಗಳು ಹುಟ್ಟುತ್ತವೆ. ಒಮ್ಮೆಗೆ ಹತ್ತು ಬಿಂದುಗಳನ್ನು ಸರಿಹೊಂದಿಸುವ ತಿರುಗಿಸುವಿಕೆ ಎಂದರೆ ಹತ್ತು ಗೆರೆಗಳು ಕೂಡುವ ಜಂಕ್ಷನ್. ಹಾಳೆಯ ಮೇಲಿನ ದೂರಗಳ ಪ್ರಶ್ನೆ ಈಗ ಆಕಾಶದಲ್ಲಿ ದೊಡ್ಡ ಜಂಕ್ಷನ್‌ಗಳು ಎಷ್ಟಿರಬಹುದು ಎಂಬ ಪ್ರಶ್ನೆಯಾಯಿತು.

ಆಕಾಶವನ್ನು ಹೋಳು ಮಾಡಿದ ಬಹುಪದೋಕ್ತಿ

2010ರ ನವೆಂಬರಿನಲ್ಲಿ ಲ್ಯಾರಿ ಗುತ್ ಮತ್ತು ನೆಟ್ಸ್ ಕಾಟ್ಜ್ ಆ ಪ್ರಶ್ನೆಗೆ ಉತ್ತರ ಕೊಟ್ಟರು. ಅವರ ಪ್ರಬಂಧ 2015ರಲ್ಲಿ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಆಯುಧ ಹತ್ತನೇ ತರಗತಿಯಲ್ಲಿ ಎಲ್ಲರೂ ಕಂಡಿರುವ ಬಹುಪದೋಕ್ತಿ. ವರ್ಗ ಸಮೀಕರಣಕ್ಕೆ ಎರಡಕ್ಕಿಂತ ಹೆಚ್ಚು ಮೂಲಗಳಿಲ್ಲ, ಘನ ಸಮೀಕರಣಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ಅದೇ ರೀತಿ ಹತ್ತನೇ ಘಾತದ ಬಹುಪದೋಕ್ತಿಯಿಂದ ಆದ ಮೇಲ್ಮೈಯೊಂದನ್ನು ನೇರ ಗೆರೆ ಹತ್ತಕ್ಕಿಂತ ಹೆಚ್ಚು ಕಡೆ ಚುಚ್ಚಲಾರದು, ಗೆರೆ ಆ ಮೇಲ್ಮೈಯಲ್ಲೇ ಮಲಗಿದ್ದರೆ ಮಾತು ಬೇರೆ.

ಗುತ್ ಮತ್ತು ಕಾಟ್ಜ್ ಇಂಥ ಮೇಲ್ಮೈಯೊಂದನ್ನು ಆರಿಸಿ, ಅದು ಆಕಾಶವನ್ನು ಹಲವು ಹೋಳುಗಳಾಗಿ ಕತ್ತರಿಸುವಂತೆ, ಪ್ರತಿ ಹೋಳಿಗೂ ಜಂಕ್ಷನ್‌ಗಳು ಸರಿಸುಮಾರು ಸಮನಾಗಿ ಹಂಚಿಕೆಯಾಗುವಂತೆ ಮಾಡಿದರು. ಗೆರೆಯೊಂದು ಮೇಲ್ಮೈಯನ್ನು ಕೆಲವೇ ಬಾರಿ ಚುಚ್ಚುವುದರಿಂದ ಅದು ಕೆಲವೇ ಹೋಳುಗಳನ್ನು ಹಾದುಹೋಗುತ್ತದೆ, ಆದ್ದರಿಂದ ಒಂದೊಂದು ಹೋಳಿನೊಳಗೂ ಲೆಕ್ಕ ಹಗುರವಾಗುತ್ತದೆ. ತೊಡಕು ಇರುವುದು ಜಂಕ್ಷನ್‌ಗಳು ಕತ್ತಿಯ ಅಲಗಿನ ಮೇಲೆಯೇ, ಅಂದರೆ ಮೇಲ್ಮೈಯಲ್ಲೇ ಕುಳಿತುಬಿಟ್ಟಾಗ. ಉಷ್ಣ ವಿದ್ಯುತ್ ಸ್ಥಾವರಗಳ ನಡು ಸಣ್ಣಗಿರುವ ತಂಪುಗೋಪುರದ ಆಕಾರವನ್ನು ನೆನೆಸಿಕೊಳ್ಳಿ. ಅದು ಬಾಗಿದ ಮೈಯಾದರೂ ಅದರ ಮೇಲೆ ಉದ್ದಕ್ಕೂ ನೇರ ಗೆರೆಗಳನ್ನು ಎಳೆಯಬಹುದು. ಇಂಥ ಮೇಲ್ಮೈಗಳಲ್ಲಿ ಅಸಂಖ್ಯ ಗೆರೆಗಳು ಒಟ್ಟಿಗೆ ಅಡಗಿಕೊಳ್ಳಬಲ್ಲವು. ನಮ್ಮ ತಿರುಗಿಸುವಿಕೆಗಳಿಂದ ಹುಟ್ಟಿದ ಗೆರೆಗಳು ಹಾಗೆ ಒಂದೇ ಮೇಲ್ಮೈಯಲ್ಲಿ ಮಿತಿಮೀರಿ ಸೇರಲಾರವು ಎಂದು ತೋರಿಸಲು ಅವರು ಹತ್ತೊಂಬತ್ತನೆಯ ಶತಮಾನದ ಬೀಜರೇಖಾಗಣಿತದ ಫಲಿತಾಂಶಗಳನ್ನು ಕೆದಕಿ ತರಬೇಕಾಯಿತು.

ಬಹುಪದೋಕ್ತಿಯ ಈ ಬಿಗುವು, ಅಂದರೆ ಕೆಲವು ಕಡೆಯ ಬೆಲೆಗಳು ತಿಳಿದರೆ ಎಲ್ಲ ಕಡೆಯೂ ಅದು ಕಟ್ಟುಬೀಳುತ್ತದೆ ಎಂಬ ಗುಣ, ಅಂಗಡಿ ಗೋಡೆಯ ಕ್ಯೂಆರ್ ಕೋಡಿನಲ್ಲೂ ಕೆಲಸ ಮಾಡುತ್ತದೆ. ಕೋಡಿನ ಒಂದು ಮೂಲೆ ಕೊಳೆಯಾಗಿದ್ದರೂ ಫೋನು ಅದನ್ನು ಓದಬಲ್ಲದು, ಏಕೆಂದರೆ ಮಾಹಿತಿಯನ್ನು ಬಹುಪದೋಕ್ತಿಯ ಬೆಲೆಗಳಂತೆ ಹೆಚ್ಚುವರಿಯಾಗಿ ಹರಡಿ ಇಟ್ಟಿರುತ್ತಾರೆ. ದೂರಗಳ ಲೆಕ್ಕಕ್ಕೂ ಇದಕ್ಕೂ ನೇರ ಸಂಬಂಧವಿಲ್ಲದಿದ್ದರೂ ಬೇರು ಒಂದೇ.

ಉಳಿದಿರುವ ಒಂದು ವರ್ಗಮೂಲ

ಗುತ್ ಮತ್ತು ಕಾಟ್ಜ್ ತಲುಪಿದ ಕೆಳಮಿತಿ ಎನ್ ಭಾಗಿಸು ಲಾಗ್ ಎನ್. ಚೌಕಳಿ ಕೊಡುವ ಮೇಲ್ಮಿತಿ ಎನ್ ಭಾಗಿಸು ಲಾಗ್ ಎನ್‌ನ ವರ್ಗಮೂಲ. ಘಾತದ ಮಟ್ಟದಲ್ಲಿ ಕಂದಕ ಮುಚ್ಚಿಹೋಗಿದೆ. ಇಲ್ಲೊಂದು ಎಚ್ಚರಿಕೆಯನ್ನು ಹೇಳಬೇಕು: ಸ್ಥಿರಾಂಕಗಳನ್ನು ಬದಿಗಿಟ್ಟು ಸುಮ್ಮನೆ ಬೆಲೆ ಹಾಕಿ ನೋಡಿದರೆ, ಹತ್ತು ಲಕ್ಷ ಬಿಂದುಗಳಿಗೆ 2010ರ ಮಿತಿ ಸುಮಾರು 72,000 ಎಂದರೆ 2004ರದು ಸುಮಾರು 1,53,000 ಎನ್ನುತ್ತದೆ, ಹಳೆಯದೇ ಮೇಲು ಎಂಬಂತೆ! ಹೊಸದು ಹಳೆಯದನ್ನು ಹಿಂದೆ ಹಾಕುವುದು ಬಿಂದುಗಳು ಸುಮಾರು ಸಾವಿರ ಕೋಟಿ ದಾಟಿದ ಮೇಲೆ. ಈ ಫಲಿತಾಂಶಗಳು ಸಂಖ್ಯೆ ಎಲ್ಲೆಯಿಲ್ಲದೆ ಬೆಳೆದಾಗ ಏನಾಗುತ್ತದೆ ಎಂಬುದರ ಬಗ್ಗೆ ಮಾತನಾಡುತ್ತವೆ, ಕಣ್ಣೆದುರಿನ ನೂರು ಚುಕ್ಕಿಗಳ ಬಗ್ಗೆ ಅಲ್ಲ.

ಆ ಲಾಗ್ ಎಲ್ಲಿಂದ ಬಂತೆಂಬುದೂ ಸ್ಪಷ್ಟವಾಗಿದೆ. ಎರಡು ಗೆರೆಗಳ ಜಂಕ್ಷನ್‌ಗಳು, ಮೂರು ಗೆರೆಗಳವು, ನಾಲ್ಕರವು ಎಂದು ಒಂದೊಂದು ಮಟ್ಟದ ಪಾಲನ್ನು ಕೂಡಿಸುತ್ತಾ ಹೋದಾಗ 1, 1/2, 1/3, 1/4 ಎಂಬ ಭಿನ್ನರಾಶಿಗಳ ಮೊತ್ತ ಎದುರಾಗುತ್ತದೆ; ಎನ್‌ವರೆಗಿನ ಆ ಮೊತ್ತ ಬೆಳೆಯುವ ವೇಗವೇ ಲಾಗ್ ಎನ್. ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸಿ ಅದನ್ನು ತೆಗೆದುಹಾಕಬಹುದೇ ಎಂದರೆ, ಈ ದಾರಿಯಲ್ಲಿ ಸಾಧ್ಯವಿಲ್ಲ. ಸಮಾನ ದೂರದ ಜೋಡಿಗಳನ್ನು ಎರಡೆರಡಾಗಿ ಎಣಿಸಿದಾಗ ಚೌಕಳಿಯಲ್ಲೇ ಆ ಲಾಗ್ ನಿಜವಾಗಿ ಕಾಣಿಸಿಕೊಳ್ಳುತ್ತದೆ. ಚೌಕಳಿಯಲ್ಲಿ ಕೆಲವು ದೂರಗಳು, 1105ರ ವರ್ಗಮೂಲದಂಥವು, ಸರಾಸರಿಗಿಂತ ಬಹಳ ಹೆಚ್ಚು ಜೋಡಿಗಳನ್ನು ನುಂಗಿಕೊಂಡು ಕೂತಿವೆ, ಇನ್ನು ಕೆಲವಕ್ಕೆ ಬೆರಳೆಣಿಕೆಯಷ್ಟೇ ಸಿಕ್ಕಿವೆ. ಜೋಡಿಗಳ ಒಟ್ಟು ಎಣಿಕೆಯಿಂದ ದೂರಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನಕ್ಕೆ ಈ ಅಸಮಾನ ಹಂಚಿಕೆ ಕಾಣುವುದೇ ಇಲ್ಲ. ಆದ್ದರಿಂದ ಉಳಿದ ವರ್ಗಮೂಲವನ್ನು ಅಳಿಸಬೇಕೆನ್ನುವವರು ಎಲೆಕೆಶ್ ತೋರಿಸಿದ ದಾರಿಯನ್ನು ಬಿಟ್ಟು, ದೂರಗಳನ್ನು ಬೇರೆಯೇ ರೀತಿಯಲ್ಲಿ ಎಣಿಸುವ ಉಪಾಯ ಹುಡುಕಬೇಕು.